ಈಚೆಗೆ ನೋಡಿದ ಸಿನಿಮಾಗಳು: ಹಿಡಿಸಿದ್ದು, ಹಿಡಿಸದ್ದು (ಕಾಸರಗೋಡು ಕಡೆಯವರು ಬನ್ನಿ)

ಕುಂಬಳೆಯ ಪ್ರೇಕ್ಷಕ

ಎಲ್ಲರಿಗೂ ನಮಸ್ಕಾರ. ಈಚೆಗೆ ನೋಡಿದ ಕೆಲವು ಸಿನಿಮಾಗಳ ಬಗ್ಗೆ ಮನಸ್ಸಿಗೆ ಬಂದದ್ದನ್ನು ಬರೆಯುತ್ತಿದ್ದೇನೆ. ಕೆಲವು ಟಾಕೀಸಿನಲ್ಲಿ ನೋಡಿದ್ದು, ಕೆಲವು ಮನೆಯಲ್ಲಿ ಟಿವಿಯಲ್ಲಿ. ಕನ್ನಡ, ಮಲಯಾಳ, ತುಳು ಮೂರೂ ನೋಡುತ್ತೇನೆ. ನಮ್ಮ ಕಡೆ ಹೆಚ್ಚಿನವರು ಹಾಗೇ ಅಲ್ವಾ? ನೀವೂ ನೋಡಿದ್ದನ್ನು ಹೇಳಿ. ಒಪ್ಪದಿದ್ದರೆ ಖಂಡಿತ ಹೇಳಿ.

ಮೊದಲು ತುಂಬಾ ಹಿಡಿಸಿದ್ದು: ಸು ಫ್ರಮ್ ಸೋ. 2025ರ ಜುಲೈಯಲ್ಲಿ ಬಂದ ಸಿನಿಮಾ. ನಿರ್ದೇಶನ ಮಾಡಿ ಮುಖ್ಯ ಪಾತ್ರವನ್ನೂ ಮಾಡಿದ ಜೆ.ಪಿ. ತೂಮಿನಾಡು ನಮ್ಮ ಮಂಜೇಶ್ವರದ ಕಡೆಯವರು. ಆ ಖುಷಿ ಇದ್ದೇ ಇದೆ. ಆದರೆ ಊರಿನವರು ಮಾಡಿದ್ದು ಅಂತ ಹೊಗಳುತ್ತಿಲ್ಲ. ಅಶೋಕ ಎಂಬ ಹುಡುಗನ ಮೈಮೇಲೆ ಸತ್ತುಹೋದ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂಬ ಸುದ್ದಿ ಊರಿಡೀ ಹಬ್ಬುತ್ತದಲ್ಲ, ಆ ಸುದ್ದಿ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಬಣ್ಣ ಪಡೆಯುವುದನ್ನು ನೋಡಬೇಕು. ನಮ್ಮ ಊರುಗಳಲ್ಲಿ ಸುದ್ದಿ ಹೋಗುವುದೇ ಹಾಗೆ. ರವಿಯಣ್ಣನ ಪಾತ್ರ ಮಾಡಿದ ಶನೀಲ್ ಗೌತಮ್ ಅವರನ್ನು ನೋಡಿದರೆ ಪ್ರತಿ ಊರಿನಲ್ಲಿ ಮದುವೆಗೂ ಸಾವಿಗೂ ಮುಂದೆ ನಿಲ್ಲುವ ಒಬ್ಬ ಅಣ್ಣ ನೆನಪಾಗುತ್ತಾರೆ. ರಾಜ್ ಬಿ. ಶೆಟ್ಟಿ ನಿರ್ಮಾಪಕರು, ಗುರೂಜಿಯ ಪಾತ್ರವೂ ಅವರದ್ದೇ. ಆದರೂ ಇಡೀ ಸಿನಿಮಾವನ್ನು ತಮ್ಮ ಮೇಲೆ ಎಳೆದುಕೊಂಡಿಲ್ಲ. ಅದು ದೊಡ್ಡ ಮಾತು.

ಎರಡನೆಯದು ಮಿಥ್ಯ. ಸುಮಂತ್ ಭಟ್ ನಿರ್ದೇಶನ. ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗ ಮುಂಬೈಯಿಂದ ಉಡುಪಿಗೆ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಕಥೆ ಇಷ್ಟೇ. ಆತಿಶ್ ಶೆಟ್ಟಿ ಎಂಬ ಹುಡುಗನ ಮುಖ ಮರೆಯಲು ಆಗುವುದಿಲ್ಲ. ಅವನು ಅಳುವುದಿಲ್ಲ, ನಮಗೆ ಅಳು ಬರುತ್ತದೆ. ಚಿಕ್ಕಪ್ಪನಾಗಿ ಪ್ರಕಾಶ್ ತೂಮಿನಾಡು ಇದ್ದಾರೆ. ನಾವು ಅವರನ್ನು ನಗಿಸುವ ನಟ ಎಂದೇ ನೋಡಿದವರು. ಇಲ್ಲಿ ಅವರು ಸಂಸಾರದ ಭಾರ ಹೊತ್ತ ಸಾಮಾನ್ಯ ಮನುಷ್ಯ. ಇನ್ನೊಂದು ಮಗುವಿನ ಜವಾಬ್ದಾರಿ ಬಂದಾಗ ಒಳ್ಳೆಯವನಿಗೂ ಎಷ್ಟು ಕಷ್ಟ ಅನ್ನುವುದು ಅವರು ಸುಮ್ಮನೆ ಕೂತಿರುವಾಗಲೇ ಗೊತ್ತಾಗುತ್ತದೆ.

ಹಿಡಿಸದೆ ಹೋದದ್ದು: ಮಾರ್ಟಿನ್. ಅಷ್ಟು ಹಣ, ಅಷ್ಟು ಜನರ ದುಡಿಮೆ, ಧ್ರುವ ಸರ್ಜಾ ಅವರ ಅಷ್ಟು ಶ್ರಮ. ಆದರೆ ಅವರ ಎದುರು ನಿಂತವರಿಗೆ ಒಂದು ಮುಖ, ಒಂದು ಬದುಕು ಕೊಡಬೇಕು ಎಂದು ಯಾರಿಗೂ ಅನಿಸಿಲ್ಲ. ಹೊಡೆಸಿಕೊಳ್ಳಲಿಕ್ಕೆ ಮಾತ್ರ ಬಂದವರು. ಮಧ್ಯಂತರದ ಹೊತ್ತಿಗೆ ತಲೆನೋವು ಶುರುವಾಗಿತ್ತು. ರಜನಿಕಾಂತ್ ಅವರ ಕೂಲಿಯೂ ನಿರಾಸೆ. ನಾಗಾರ್ಜುನ, ಉಪೇಂದ್ರ, ಆಮಿರ್ ಖಾನ್ ಎಲ್ಲರೂ ಇದ್ದಾರೆ. ಉಪೇಂದ್ರ ಅವರಂಥ ನಟನನ್ನು ಕರೆಸಿ ಅಷ್ಟೇ ಕೆಲಸ ಕೊಡುವುದಾ? ಅದರಲ್ಲಿ ನೆನಪಿನಲ್ಲಿ ಉಳಿದವರು ಸೌಬಿನ್ ಶಾಹಿರ್ ಮತ್ತು ನಮ್ಮ ರಚಿತಾ ರಾಮ್. ಅವರಿಬ್ಬರಿಗೆ ಮಾಡಲು ನಿಜವಾಗಿ ಏನೋ ಇತ್ತು.

ಹಾಗಾಗಿ ನನ್ನ ಅಳತೆ ಈಗ ಇದೇ. ಹೀರೋ ಪಕ್ಕದಲ್ಲಿ ನಿಂತವನು ಮನುಷ್ಯನಾ, ಅಲ್ಲವಾ? ಅವನು ಮನುಷ್ಯನಾಗಿದ್ದರೆ ಸಿನಿಮಾ ಅರ್ಧ ಗೆದ್ದ ಹಾಗೆ.

ವರ್ಕಾಡಿ ಹುಡುಗ

ಅಣ್ಣಾ, ಸು ಫ್ರಮ್ ಸೋ ಬಗ್ಗೆ ಪೂರ್ತಿ ಒಪ್ಪುತ್ತೇನೆ. ನಾವು ಗೆಳೆಯರು ತಲಪಾಡಿ ದಾಟಿ ಮಂಗಳೂರಿನಲ್ಲಿ ನೋಡಿದ್ದು. ಟಿಕೆಟ್ ಸಿಗುವುದೇ ಕಷ್ಟ ಆಗಿತ್ತು. ಆಮೇಲೆ ಮಲಯಾಳಕ್ಕೆ ಡಬ್ ಆಗಿ ಬಂತು, ದುಲ್ಕರ್ ಸಲ್ಮಾನ್ ಅವರ ವೇಫೇರರ್ ಕಂಪೆನಿ ಅದನ್ನು ಕೇರಳದಲ್ಲಿ ಹಂಚಿತು. ನನ್ನ ಮಲಯಾಳಿ ಗೆಳೆಯರೂ ನೋಡಿ ನಕ್ಕರು. ಮೊದಲೆಲ್ಲ ನಾವು ಅವರ ಸಿನಿಮಾದ ಮಾತು ಆಡುತ್ತಿದ್ದೆವು. ಈ ಸಲ ಅವರು ನಮ್ಮ ಸಿನಿಮಾದ ಬಗ್ಗೆ ಕೇಳಿದರು. ತುಂಬಾ ಖುಷಿ ಆಯಿತು.

ಆದರೆ ಕಾಂತಾರ ಚಾಪ್ಟರ್ 1 ಯಾಕೆ ಬಿಟ್ಟಿರಿ? 2025ರಲ್ಲಿ ನಾನು ನೋಡಿದ್ದರಲ್ಲಿ ದೊಡ್ಡ ಅನುಭವ ಅದೇ. ಕದಂಬರ ಕಾಲ, ಕಾಡು, ಅರಮನೆ, ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ, ಅಜನೀಶ್ ಲೋಕನಾಥ್ ಅವರ ಸಂಗೀತ. ದೊಡ್ಡ ಪರದೆ ಇರುವುದೇ ಇಂಥದ್ದಕ್ಕೆ. ಕನ್ನಡದಲ್ಲಿ ಇಷ್ಟು ದೊಡ್ಡದಾಗಿ ಯೋಚನೆ ಮಾಡುವುದು ತಪ್ಪಾ?

ಬದಿಯಡ್ಕ ಟೀಚರ್

ತಪ್ಪಲ್ಲ ತಮ್ಮಾ. ಆದರೆ ನನಗೆ 2022ರ ಮೊದಲ ಕಾಂತಾರವೇ ಹತ್ತಿರ. ಅದರಲ್ಲಿ ಒಂದು ಊರು ಇತ್ತು. ಶಿವನ ಅಮ್ಮ ಇದ್ದರು, ಅವನ ಗೆಳೆಯರು ಇದ್ದರು, ಕಿಶೋರ್ ಮಾಡಿದ ಅರಣ್ಯಾಧಿಕಾರಿ ಇದ್ದರು. ಆ ಅಧಿಕಾರಿಯ ಮಾತಿನಲ್ಲೂ ನ್ಯಾಯ ಇತ್ತು. ಯಾರ ಕಡೆ ನಿಲ್ಲಬೇಕು ಎಂದು ನಮಗೂ ಯೋಚನೆ ಬರುತ್ತಿತ್ತು. ಹೊಸದರಲ್ಲಿ ಯುದ್ಧ ಜಾಸ್ತಿ, ಜನ ಕಡಿಮೆ. ಜಯರಾಮ್ ಮತ್ತು ರುಕ್ಮಿಣಿ ವಸಂತ್ ಇಬ್ಬರ ಅಭಿನಯ ಮಾತ್ರ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು.

ಇನ್ನೊಂದು ವಿಷಯ. ಸಿನಿಮಾ ಬಂದಾಗ ಕೆಲವರು ಟಾಕೀಸಿನಲ್ಲೇ ದೈವದ ವೇಷ ಹಾಕಿ, ಆವೇಶ ಬಂದವರ ಹಾಗೆ ಕುಣಿದು ವಿಡಿಯೊ ಮಾಡಿದರು. ಹಾಗೆ ಮಾಡಬೇಡಿ ಎಂದು ಸಿನಿಮಾ ಮಾಡಿದವರೇ ಕೈಮುಗಿದು ಕೇಳಬೇಕಾಯಿತು. ನಮ್ಮ ಮನೆಗಳಲ್ಲಿ ದೈವದ ಮುಂದೆ ದೊಡ್ಡವರೂ ತಲೆ ತಗ್ಗಿಸಿ ನಿಲ್ಲುತ್ತಾರೆ. ಕೋಲ ಕಟ್ಟುವವರು ಎಷ್ಟು ವ್ರತ ಹಿಡಿಯುತ್ತಾರೆ, ಎಷ್ಟು ನೋವು ತಿನ್ನುತ್ತಾರೆ ಎಂದು ನೋಡಿದವರಿಗೆ ಆ ವಿಡಿಯೊ ನೋಡಲು ಸಂಕಟ ಆಗುತ್ತದೆ. ಇದು ಸಿನಿಮಾದ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೂ ದೈವವನ್ನು ಪರದೆಗೆ ತರುವವರು ಪ್ರತಿ ಸಲ ಇದನ್ನೂ ಯೋಚಿಸಬೇಕು.

ಹೊಸದುರ್ಗದವಳು

ಟೀಚರ್, ಚಂದ್ರಗಿರಿ ಹೊಳೆ ದಾಟಿ ನಮ್ಮ ಹೊಸದುರ್ಗದ (ಕಾಞಂಗಾಡಿನ) ಕಡೆ ಬಂದರೆ ತೆಯ್ಯಂ, ಅದೂ ದೈವದ ಕೋಲದ ಹಾಗೆ. ಇಲ್ಲೂ ಅದೇ ಮಾತು ಆಗಿತ್ತು. ಕಟ್ಟುವವರ ಮನೆಯ ಕಷ್ಟ ಪರದೆಗೆ ಬರುವುದಿಲ್ಲ, ಬೆಂಕಿ ಮತ್ತು ಬಣ್ಣ ಬರುತ್ತದೆ.

ನಾನು ಮಲಯಾಳ ಸಿನಿಮಾ ಜಾಸ್ತಿ ನೋಡುವವಳು. ಎರಡು ಹೇಳುತ್ತೇನೆ. ಕಿಷ್ಕಿಂಧಾ ಕಾಂಡಂ ನೋಡದವರು ದಯವಿಟ್ಟು ನೋಡಿ. 2024ರ ಓಣಂ ಸಮಯದಲ್ಲಿ ಬಂದದ್ದು. ಕಾಡಿನ ಅಂಚಿನ ಮನೆ, ಮರೆವಿನ ತೊಂದರೆ ಇರುವ ನಿವೃತ್ತ ಮಿಲಿಟರಿ ಅಪ್ಪ, ಕಾಣೆಯಾದ ಒಂದು ಬಂದೂಕು, ಕಾಣೆಯಾದ ಒಂದು ಮಗು. ವಿಜಯರಾಘವನ್ ಅಪ್ಪನಾಗಿ, ಆಸಿಫ್ ಅಲಿ ಮಗನಾಗಿ. ಕಥೆ ಬರೆದವರೇ ಕ್ಯಾಮೆರಾ ಹಿಡಿದಿದ್ದಾರೆ, ಬಾಹುಲ್ ರಮೇಶ್. ಅದಕ್ಕೇ ಏನೋ, ಯಾವುದನ್ನು ತೋರಿಸಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದು ಅಷ್ಟು ಸರಿಯಾಗಿದೆ. ಸಸ್ಪೆನ್ಸ್ ಸಿನಿಮಾ ಎಂದು ಶುರು ಮಾಡಿ ಕೊನೆಗೆ ಒಬ್ಬ ಮಗ ಅಪ್ಪನಿಗಾಗಿ ಏನೇನು ಹೊರುತ್ತಾನೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಮ್ಮ ಮನೆಯಲ್ಲೂ ಮರೆವಿನ ಹಿರಿಯರು ಇದ್ದರು. ಆ ಅಪ್ಪ ತನ್ನ ಮರೆವನ್ನು ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿಡಲು ಪಡುವ ಪಾಡು ನೂರಕ್ಕೆ ನೂರು ನಿಜ.

ಎರಡನೆಯದು ಲೋಕಃ. ಕಲ್ಯಾಣಿ ಪ್ರಿಯದರ್ಶನ್ ಅವರನ್ನು ಆ ಪಾತ್ರದಲ್ಲಿ ನೋಡಿ ನನ್ನ ಮಗಳು ಕುಣಿದಾಡಿದಳು. ಕಳ್ಳಿಯಂಕಾಟ್ಟ್ ನೀಲಿ ಎಂಬ ಯಕ್ಷಿಯ ಕಥೆಯನ್ನು ಅಜ್ಜಿಯರು ನಮಗೆ ಹೆದರಿಸಲು ಹೇಳುತ್ತಿದ್ದರು. ಅದೇ ನೀಲಿ ಇಲ್ಲಿ ಕಾಪಾಡುವವಳು. ಕೊನೆಯ ಭಾಗದಲ್ಲಿ ಮುಂದಿನ ಸಿನಿಮಾಗಳಿಗೆ ಬಾಗಿಲು ತೆಗೆಯುವ ಅವಸರ ಕಂಡಿತು, ಅದೊಂದು ಕೊರತೆ.

ವರ್ಕಾಡಿ ಹುಡುಗ

ಅಕ್ಕಾ, ಲೋಕಃ ನನಗೂ ಇಷ್ಟ. ಆದರೆ ಒಂದು ಬೇಸರ ಉಂಟು. ಕಥೆ ನಡೆಯುವುದು ಬೆಂಗಳೂರಿನಲ್ಲಿ. ಅಲ್ಲಿನ ಕೆಟ್ಟ ಪೊಲೀಸನ ಹೆಸರಿನಲ್ಲಿ ಗೌಡ. ಬೆಂಗಳೂರಿನ ಹುಡುಗಿಯರ ಬಗ್ಗೆ ಇದ್ದ ಒಂದು ಮಾತಿಗೆ ಜನ ಆಕ್ಷೇಪ ಎತ್ತಿದಾಗ ನಿರ್ಮಾಪಕರು ಕ್ಷಮೆ ಕೇಳಿ ಅದನ್ನು ಬದಲಾಯಿಸಿದರು. ಮಲಯಾಳ ಸಿನಿಮಾ ಬೆಂಗಳೂರಿಗೆ ಬಂದರೆ ಕನ್ನಡ ಆಡುವವನು ಗೂಂಡಾ ಅಥವಾ ಪೊಲೀಸ್ ಯಾಕೆ ಆಗುತ್ತಾನೆ?

ಕುಂಬಳೆಯ ಪ್ರೇಕ್ಷಕ

ಒಳ್ಳೆಯ ಪ್ರಶ್ನೆ. ಇದು ಎರಡೂ ಕಡೆ ಇದೆ. ನಮ್ಮ ಎಷ್ಟೋ ಕನ್ನಡ ಸಿನಿಮಾಗಳಲ್ಲಿ ಮಲಯಾಳಿ ಎಂದರೆ ಚಹಾದಂಗಡಿಯವನು, ಅವನ ಮಾತು ನಗೆಗೆ. ನಾವು ಗಡಿಯಲ್ಲಿ ಎರಡೂ ಭಾಷೆಯವರ ಜೊತೆ ಬೆಳೆದವರು. ಪಕ್ಕದ ಮನೆಯವರನ್ನು ಹಾಗೆ ತೋರಿಸಿದರೆ ಎರಡೂ ಸಲ ನಮಗೇ ನೋವು.

ಆವೇಶಂ ಇದರಲ್ಲಿ ಸ್ವಲ್ಪ ಬೇರೆ. ಅಲ್ಲೂ ಬೆಂಗಳೂರು, ಅಲ್ಲೂ ಗೂಂಡಾ. ಆದರೆ ಫಹಾದ್ ಫಾಸಿಲ್ ಮಾಡಿದ ರಂಗ ಎರಡು ಭಾಷೆಯ ನಡುವೆ ಬೆಳೆದವನು, ಕನ್ನಡವೂ ಮಲಯಾಳವೂ ಅವನ ಬಾಯಲ್ಲಿ ಕಲಸಿ ಬರುತ್ತದೆ. ಅವನ ಒಂಟಿತನ ಅರ್ಥ ಆದ ಮೇಲೆ ಅವನನ್ನು ಬರೀ ಗೂಂಡಾ ಎಂದು ನೋಡಲು ಆಗುವುದಿಲ್ಲ.

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು ಸಿನಿಮಾದ ಬಗ್ಗೆ ಟೀಚರ್ ಏನು ಹೇಳುತ್ತಾರೆ ಎಂದು ಕೇಳಬೇಕು ಎಂದು ನನಗೆ ಬಹಳ ದಿನದಿಂದ ಇದೆ. ಈಚೆಗೆ ಇನ್ನೊಮ್ಮೆ ನೋಡಿದೆ.

ಬದಿಯಡ್ಕ ಟೀಚರ್

2018ರಲ್ಲಿ ಅದು ಬಂದಾಗ ನಮ್ಮ ಶಾಲೆಯ ಮಕ್ಕಳ ಬಾಯಲ್ಲಿ ಅದೇ ಹಾಡು. ಅತ್ಯುತ್ತಮ ಮಕ್ಕಳ ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಬಂದಾಗ ನಮಗೇ ಬಂದ ಹಾಗೆ ಆಗಿತ್ತು. ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದ ಅಧ್ಯಾಪಕರು ಬರುವುದು ಇಲ್ಲಿ ಕಥೆ ಅಲ್ಲ, ಕಣ್ಣಿಗೆ ಕಂಡದ್ದು. ಗಣಿತದ ಪೀರಿಯಡ್‌ನಲ್ಲಿ ಮಕ್ಕಳು ಪಿಳಿಪಿಳಿ ನೋಡುತ್ತಾ ಕೂರುವುದನ್ನು ನಾನು ನೋಡಿದ್ದೇನೆ. ಆ ಮಕ್ಕಳು ದಡ್ಡರಲ್ಲ, ಅವರಿಗೆ ಹೇಳಿದ್ದು ತಲುಪಲಿಲ್ಲ ಅಷ್ಟೇ. ಅದನ್ನು ಇಡೀ ಕರ್ನಾಟಕಕ್ಕೆ ತೋರಿಸಿದ ರಿಷಬ್ ಶೆಟ್ಟಿಯವರಿಗೆ ನಾನು ಯಾವತ್ತೂ ಋಣಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು ಎಂದು ಪುಸ್ತಕದಲ್ಲಿ ಓದುವುದು ಬೇರೆ. ಅದರಿಂದ ಒಂದು ಕ್ಲಾಸ್ ರೂಮಿನಲ್ಲಿ ಏನಾಗುತ್ತದೆ ಎಂದು ನೋಡುವುದು ಬೇರೆ.

ಮೊದಲರ್ಧ ನನಗೆ ಚಿನ್ನ. ಮಮ್ಮುಟ್ಟಿ ಎಂಬ ಹೆಸರಿನ ಹುಡುಗ, ಪ್ರವೀಣ, ಪಲ್ಲವಿ, ಪ್ರಕಾಶ್ ತೂಮಿನಾಡು ಮಾಡಿದ ಭುಜಂಗ. ಅವರೆಲ್ಲ ನಮ್ಮ ಮಕ್ಕಳು, ನಮ್ಮ ಊರಿನವರು. ಅನಂತ್ ನಾಗ್ ಬಂದ ಮೇಲೆ ಸಿನಿಮಾ ಮೈಸೂರಿನ ಕಡೆಗೆ ತಿರುಗಿತು. ಅವರು ಎಷ್ಟು ದೊಡ್ಡ ನಟ, ಅವರನ್ನು ನೋಡುವುದೇ ಸಂತೋಷ. ಆದರೆ ಕೋರ್ಟಿನಲ್ಲಿ ಭಾಷಣದಿಂದ ಗೆಲ್ಲುವುದು ನನಗೆ ಸ್ವಲ್ಪ ಸುಲಭದ ದಾರಿ ಅನಿಸಿತು. ಕನ್ನಡ ಶಾಲೆ ಉಳಿಸುವ ನಮ್ಮ ಮಕ್ಕಳ ಹೋರಾಟವನ್ನು ಹೊರಗಿನಿಂದ ಬಂದ ದೊಡ್ಡವರು ಮುಗಿಸಿಕೊಟ್ಟರು. ಇಲ್ಲಿ ನಿಜವಾಗಿ ಶಾಲೆ ಉಳಿಸುವವರು ಊರಿನ ಅಪ್ಪ ಅಮ್ಮಂದಿರು. ಅವರಿಗೆ ಇನ್ನೂ ಜಾಸ್ತಿ ಜಾಗ ಬೇಕಿತ್ತು.

ಇನ್ನು ಮಲಯಾಳಿ ಅಧಿಕಾರಿಯನ್ನು ಕೆಟ್ಟವನಾಗಿ ಮಾಡಿದ್ದು. ನನ್ನ ಜೊತೆ ಕೆಲಸ ಮಾಡಿದ ಮಲಯಾಳಿ ಟೀಚರ್‌ಗಳು ಕೆಲವರು ರಾತ್ರಿ ಕೂತು ಕನ್ನಡ ಅಕ್ಷರ ಕಲಿತವರು. ಅಂಥ ಒಬ್ಬರು ಆ ಕಥೆಯಲ್ಲಿ ಇದ್ದಿದ್ದರೆ ಎಂದು ಆಸೆ ಆಗುತ್ತದೆ.

ಪೆರ್ಲದ ಕೃಷಿಕ

ಟೀಚರ್ ಹೇಳಿದ್ದು ಸರಿ. ನಾನು ತೋಟದ ಕೆಲಸ ಮುಗಿಸಿ ರಾತ್ರಿ ಸಿನಿಮಾ ನೋಡುವವ. ಮಗ ಫೋನಿನಲ್ಲಿ ಹಾಕಿಕೊಡುತ್ತಾನೆ.

ಕುಂಬಳೆಯವರು ಹೇಳಿದ ಅಳತೆ ನಮಗೆ ತಾಳಮದ್ದಳೆಯಲ್ಲಿ, ಅಂದರೆ ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಗೊತ್ತಿದ್ದದ್ದೇ. ರಾವಣನ ಅರ್ಥ (ಮಾತುಗಾರಿಕೆ) ಎಷ್ಟೇ ದೊಡ್ಡವರು ಹೇಳಲಿ, ಎದುರಿನ ಅಂಗದ ಸಪ್ಪೆಯಾದರೆ ರಾವಣನೂ ಸಪ್ಪೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಿನವರಿಂದ ಮಾತು ತೆಗೆಸುವುದು ಅವರ ದೊಡ್ಡತನವಾಗಿತ್ತು.

ಶೇಣಿ ಎಂದಾಗ ನೆನಪಾಯಿತು. ಮಲಯಾಳದ ತೊಂಡಿಮುದಲುಂ ದೃಕ್ಸಾಕ್ಷಿಯುಂ ನೋಡಿದ್ದೀರಾ? 2017ರದ್ದು, ದಿಲೀಶ್ ಪೋತ್ತನ್ ನಿರ್ದೇಶನ. ಹಳೆಯದಾದರೂ ನಾನು ನೋಡಿದ್ದು ಈಗ. ಅದರಲ್ಲಿ ಪೊಲೀಸ್ ಠಾಣೆ ಇರುವುದು ನಮ್ಮ ಕಡೆಯ ಶೇಣಿ ಊರಿನಲ್ಲಿ. ತೆಂಕಣ ಕೇರಳದಿಂದ ಓಡಿ ಬಂದು ಮದುವೆಯಾದ ಗಂಡ ಹೆಂಡತಿ ನಮ್ಮ ಕಡೆ ಜಾಗ ತೆಗೆದುಕೊಂಡು ನೀರಿಗಾಗಿ ಪರದಾಡುತ್ತಾರೆ. ಬಸ್ಸಿನಲ್ಲಿ ಸರ ಕದ್ದ ಕಳ್ಳ ಅದನ್ನು ನುಂಗಿಬಿಡುತ್ತಾನೆ. ಮುಂದೆ ಇಡೀ ಸಿನಿಮಾ ಆ ಸರ ಹೊರಗೆ ಬರಲು ಕಾಯುವುದು. ಕಳ್ಳನಾಗಿ ಫಹಾದ್, ಗಂಡನಾಗಿ ಸುರಾಜ್, ಹೆಂಡತಿಯಾಗಿ ನಿಮಿಷಾ ಸಜಯನ್. ಠಾಣೆಯ ಪೊಲೀಸರಾಗಿ ನಟಿಸಿದವರಲ್ಲಿ ನಿಜವಾದ ಪೊಲೀಸರೂ ಇದ್ದಾರಂತೆ ಎಂದು ಮಗ ಹೇಳಿದ. ನೋಡಿದಾಗ ನಂಬಿಕೆ ಬಂತು. ಅವರು ಕೂರುವುದು, ಫೈಲ್ ತಿರುಗಿಸುವುದು, ಬೇಸಗೆಯಲ್ಲಿ ಟೋಪಿ ತೆಗೆದು ತಲೆ ಒರೆಸುವುದು, ಯಾವುದರಲ್ಲೂ ನಟನೆ ಕಾಣುವುದಿಲ್ಲ.

ನಮ್ಮ ಕಡೆಯ ಬೇಸಗೆಯನ್ನು ಅಷ್ಟು ಸರಿಯಾಗಿ ತೋರಿಸಿದ ಸಿನಿಮಾ ನಾನು ಬೇರೆ ನೋಡಿಲ್ಲ. ಬೇಕಲ ಕೋಟೆ, ಸಮುದ್ರ, ಹಸಿರು ಎಲ್ಲರೂ ತೋರಿಸುತ್ತಾರೆ. ಕೆಂಪು ಮುರಕಲ್ಲು, ಒಣಗಿದ ಹುಲ್ಲು, ಬತ್ತಿದ ಬಾವಿ ಯಾರು ತೋರಿಸುತ್ತಾರೆ? ಎಪ್ರಿಲ್ ಮೇಯಲ್ಲಿ ಅಡಿಕೆಗೆ ನೀರು ಬಿಡುವವರಿಗೆ ಆ ಗಂಡ ಹೆಂಡತಿಯ ಸಂಕಟ ಚೆನ್ನಾಗಿ ಗೊತ್ತು. ಆದರೆ ಒಂದು ಕೊರತೆ ಹೇಳುತ್ತೇನೆ. ಶೇಣಿಯಲ್ಲಿ ಬಸ್ ಇಳಿದರೆ ಕಿವಿಗೆ ಬೀಳುವ ಕನ್ನಡ, ತುಳು ಆ ಸಿನಿಮಾದಲ್ಲಿ ಸಾಕಷ್ಟು ಕೇಳುವುದಿಲ್ಲ. ಜಾಗ ನಮ್ಮದು, ಮಾತು ಹೆಚ್ಚಿನದು ಅವರದು.

ಕುಂಬಳೆಯ ಪ್ರೇಕ್ಷಕ

ಅಣ್ಣಾ, ಈ ಮಾತು ನನಗೆ ನಾಟಿತು. ಕಾಸರಗೋಡನ್ನು ಬೆಂಗಳೂರಿನವರು ತೆಗೆದಾಗ ಇಲ್ಲಿ ಬರೀ ಕನ್ನಡ, ಕೊಚ್ಚಿಯವರು ತೆಗೆದಾಗ ಬರೀ ಮಲಯಾಳ. ನಮ್ಮ ಒಂದು ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತರೆ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಕೇಳುತ್ತದೆ. ಅಂಗಡಿಯವನು ಮೂವರು ಗಿರಾಕಿಗಳ ಜೊತೆ ಮೂರು ಭಾಷೆಯಲ್ಲಿ ಮಾತಾಡಿ ಲೆಕ್ಕ ತಪ್ಪದೆ ಚಿಲ್ಲರೆ ಕೊಡುತ್ತಾನೆ. ಅದನ್ನು ಪೂರ್ತಿಯಾಗಿ ತಂದ ಸಿನಿಮಾ ಇನ್ನೂ ಬರಬೇಕು. ಜೆ.ಪಿ., ಪ್ರಕಾಶ್ ಇವರೆಲ್ಲ ನಾಟಕದ ರಂಗದಿಂದ ಬಂದವರು. ತುಳು ನಾಟಕದಲ್ಲಿ ಹತ್ತು ಜನರಿಗೂ ಕೆಲಸ ಇರುತ್ತದೆ, ಇಲ್ಲದಿದ್ದರೆ ಸಭೆ ಎದ್ದು ಹೋಗುತ್ತದೆ. ಅದಕ್ಕೇ ಇವರಿಂದ ಆಸೆ ಇಟ್ಟಿದ್ದೇನೆ.

ವರ್ಕಾಡಿ ಹುಡುಗ

ಒಪ್ಪಿದೆ. ಆದರೆ ಹೀರೋ ಸಿನಿಮಾ ಎಲ್ಲ ಕೆಟ್ಟದ್ದು ಎಂದು ಮಾಡಬೇಡಿ. ಸುದೀಪ್ ಅವರ ಮ್ಯಾಕ್ಸ್ ನೋಡಿ. ಒಂದೇ ರಾತ್ರಿಯ ಕಥೆ, ಹೆಚ್ಚಿನದು ಪೊಲೀಸ್ ಠಾಣೆಯಲ್ಲೇ. ಶಿಳ್ಳೆ ಹೊಡೆಯುವ ಸಿನಿಮಾವೇ. ಆದರೂ ಠಾಣೆಯ ಪೇದೆಯಿಂದ ಹಿಡಿದು ಎಲ್ಲರ ಹೆದರಿಕೆ ನಮಗೂ ಮುಟ್ಟುತ್ತದೆ.

ಕುಂಬಳೆಯ ಪ್ರೇಕ್ಷಕ

ಮ್ಯಾಕ್ಸ್ ನನಗೂ ಹಿಡಿಸಿತು. ಆ ಠಾಣೆಯವರು ಸಿಕ್ಕಿಬಿದ್ದರೆ ಏನು ಗತಿ ಎಂಬ ಭಯ ಇರುವುದರಿಂದಲೇ ಸುದೀಪ್ ಬಂದು ನಿಂತಾಗ ಧೈರ್ಯ ಬರುತ್ತದೆ. ಮೋಹನ್‌ಲಾಲ್ ಅವರ ತುಡರುಂ ಕೂಡ ಹಾಗೆ. ಹಳೆಯ ಅಂಬಾಸಿಡರ್ ಕಾರನ್ನು ಪ್ರೀತಿಸುವ ಟ್ಯಾಕ್ಸಿ ಡ್ರೈವರ್, ಜೊತೆಗೆ ಶೋಭನಾ. ಮೊದಲರ್ಧದಲ್ಲಿ ಆ ಮನೆಯನ್ನು ನಾವು ಪ್ರೀತಿಸದಿದ್ದರೆ ಎರಡನೇ ಅರ್ಧದ ಹೊಡೆದಾಟಕ್ಕೆ ಬೆಲೆ ಇರುತ್ತಿರಲಿಲ್ಲ. ಕೊನೆಯಲ್ಲಿ ಹೊಡೆದಾಟ ಸ್ವಲ್ಪ ಉದ್ದ ಆಯಿತು, ಅದು ಬೇರೆ ಮಾತು. ಎಂಪುರಾನ್ ನೋಡಿದಾಗ ಇದೇ ಕೊರತೆ ಕಾಡಿತು. ದೇಶ ದೇಶ ಸುತ್ತಿಸಿದರು, ನನಗೆ ಅದರ ಮೊದಲ ಭಾಗ ಲೂಸಿಫರ್‌ನ ಆ ಮನೆಯವರೇ ಬೇಕಾಗಿತ್ತು.

ಬದಿಯಡ್ಕ ಟೀಚರ್

ಸು ಫ್ರಮ್ ಸೋ ಬಗ್ಗೆ ಒಂದು ಮಾತು ಬಾಕಿ ಇದೆ. ಎಲ್ಲರೂ ನಗುವಿನ ಬಗ್ಗೆ ಹೇಳುತ್ತೀರಿ. ನನಗೆ ಉಳಿದದ್ದು ಭಾನುವಿನ ಪಾತ್ರ. ಸಂಧ್ಯಾ ಅರಕೆರೆ ಮಾಡಿದ್ದಾರೆ. ಊರಿಡೀ ಸತ್ತ ಹೆಂಗಸಿಗೆ ಹೆದರುತ್ತದೆ, ಬದುಕಿರುವ ಹೆಂಗಸಿನ ಕಷ್ಟ ಯಾರೂ ಕೇಳುವುದಿಲ್ಲ. ಅಲ್ಲಿಗೆ ಬಂದಾಗ ಟಾಕೀಸಿನಲ್ಲಿ ನಗು ನಿಂತಿತು. ನಗು ನಿಂತದ್ದು ಸಿನಿಮಾದ ಕೊರತೆ ಎಂದು ಕೆಲವರು ಹೇಳಿದರು. ನನಗೆ ಅದೇ ಅದರ ಶಕ್ತಿ. ಆ ಭಾಗಕ್ಕೆ ಇನ್ನೊಂದು ಹತ್ತು ನಿಮಿಷ ಜಾಸ್ತಿ ಕೊಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು.

ಹೊಸದುರ್ಗದವಳು

ಟೀಚರ್, ಅದು ನಿಮಗೆ ಹಿಡಿಸಿದ್ದರೆ ತಿಂಗಳಾಯ್ಚ ನಿಶ್ಚಯಂ ನೋಡಲೇಬೇಕು. 2021ರದ್ದು, ನಮ್ಮ ಹೊಸದುರ್ಗದ ಸೆನ್ನ ಹೆಗ್ಡೆ ನಿರ್ದೇಶನ. ಕನ್ನಡದಲ್ಲಿ ದಿಗಂತ್ ಜೊತೆ ಕಥೆಯೊಂದು ಶುರುವಾಗಿದೆ ಮಾಡಿದವರೂ ಅವರೇ. ಮಲಯಾಳದ ಅತ್ಯುತ್ತಮ ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಪಡೆದ ಸಿನಿಮಾ. ಮಗಳ ನಿಶ್ಚಿತಾರ್ಥಕ್ಕೆ ಮನೆ ಸಿದ್ಧ ಆಗುತ್ತಿದೆ, ಮಗಳಿಗೆ ಇಷ್ಟ ಇಲ್ಲ, ಅಪ್ಪನ ಮಾತೇ ಕೊನೆ. ಒಂದೇ ಮನೆಯಲ್ಲಿ ಎಲ್ಲ ನಡೆಯುತ್ತದೆ. ನಟಿಸಿದವರು ಹೆಚ್ಚಿನವರು ಹೊಸಬರು, ಮಾತು ಪೂರ್ತಿ ನಮ್ಮ ಕಡೆಯ ಮಲಯಾಳ. ಶಾಮಿಯಾನ, ಅಡುಗೆ, ಸಾಲ ಕೇಳುವುದು, ನೆಂಟರು ಬಂದು ಮೂಗು ತೂರಿಸುವುದು, ಒಂದೂ ಬಿಟ್ಟಿಲ್ಲ.

ಕುಂಬಳೆಯ ಪ್ರೇಕ್ಷಕ

ಅಕ್ಕಾ, ನಿನ್ನೆ ರಾತ್ರಿ ಮನೆಯವರೆಲ್ಲ ಕೂತು ನೋಡಿದೆವು. ನೀವು ಹೇಳದಿದ್ದರೆ ತಪ್ಪಿಹೋಗುತ್ತಿತ್ತು. ಕುವೈತ್ ವಿಜಯನ್ ಎಂಬ ಆ ಅಪ್ಪನ ಮೇಲೆ ಕೋಪ ಬರುತ್ತದೆ, ಆದರೆ ದ್ವೇಷ ಬರುವುದಿಲ್ಲ. ಗಲ್ಫಿನಲ್ಲಿ ದುಡಿದು ಬಂದು, ಊರಿನಲ್ಲಿ ಮರ್ಯಾದೆ ಉಳಿಸಲು ಒದ್ದಾಡುವ ಅಂಥವರು ನಮ್ಮ ಪ್ರತಿ ಬೀದಿಯಲ್ಲಿದ್ದಾರೆ. ನೋಡಿ ಮುಗಿದ ಮೇಲೆ ನನ್ನ ತಂಗಿ ಮತ್ತು ಅಮ್ಮನ ನಡುವೆ ದೊಡ್ಡ ಚರ್ಚೆ ಆಯಿತು. ಆ ಹುಡುಗಿ ಮೊದಲೇ ಬಾಯಿ ಬಿಟ್ಟು ಹೇಳಬೇಕಿತ್ತು ಎಂದು ಅಮ್ಮ, ಹೇಳಿದರೆ ಕೇಳುವವರು ಯಾರಿದ್ದರು ಎಂದು ತಂಗಿ. ನಾನು ತಂಗಿಯ ಕಡೆ. ಕೊನೆಯ ಭಾಗ ಇಲ್ಲಿ ಬರೆಯುವುದಿಲ್ಲ, ನೋಡದವರು ಇನ್ನೂ ಇದ್ದಾರೆ.

ಪೆರ್ಲದ ಅಣ್ಣ, ನಿಮ್ಮ ಮಗನಿಗೆ ಮಿಥ್ಯ ಹಾಕಿಕೊಡಲು ಹೇಳಿ. ಫೋನಿನಲ್ಲಿ ಬೇಡ, ಸಾಧ್ಯ ಇದ್ದರೆ ಟಿವಿಯಲ್ಲಿ ನೋಡಿ. ನೋಡಿ ಆದ ಮೇಲೆ ಆ ಚಿಕ್ಕಪ್ಪನ ಬಗ್ಗೆ ನಿಮಗೆ ಏನು ಅನಿಸಿತು ಎಂದು ಬರೆಯಿರಿ.